ಉಪ್ಪುನೀರಿನ ಟ್ಯಾಂಕಿನಲ್ಲಿ ಎಡವಟ್ಟಾದಾಗ: ಮೊದಲು ಗಾಳಿ, ಆಮೇಲೆ ನೀರು, ಕೊನೆಗೆ ಮದ್ದು

ಜುಲೈ ತಿಂಗಳ ಒಂದು ಬೆಳಗ್ಗೆ ಚಾವಡಿಗೆ ಬಂದು, ಕಡಲ ಮೀನು, ಹವಳ ಸಾಕುವ ಟ್ಯಾಂಕಿನ ಲೈಟ್ ಹಾಕಿದೆ. ಎರಡು ಕ್ಲೀನರ್ ಸಿಗಡಿಗಳು ಮಗ್ಗುಲಾಗಿ ಬಿದ್ದಿದ್ದವು. ಮೂರನೆಯದು ಕಲ್ಲಿನ ಸಂದಿಯಲ್ಲಿ ನಡುಗುತ್ತಿತ್ತು. ಯಾವಾಗಲೂ ಗಾಜಿಗೆ ಅಂಟಿಕೊಂಡಿರುತ್ತಿದ್ದ ಬಸವನಹುಳುಗಳು ಕಳಚಿ ಮರಳಿನ ಮೇಲೆ ಉರುಳಿದ್ದವು. ಹವಳಗಳು ಮುದುಡಿದ್ದವು. ಮೀನುಗಳು ಮಾತ್ರ ಎಂದಿನಂತೆ ಈಜುತ್ತಿದ್ದವು.

ಏನೋ ರೋಗ ಬಂದಿದೆ ಅಂದುಕೊಂಡೆ. ಮನೆಯಲ್ಲಿದ್ದ ಮದ್ದಿನ ಬಾಟ್ಲಿ ತೆಗೆದು ಅಳತೆ ಪ್ರಕಾರ ಹಾಕಿದೆ. ಸಂಜೆಗೆ ಮೂರನೆಯ ಸಿಗಡಿಯೂ ಸತ್ತಿತು. ಕಾರಣ ಗೊತ್ತಾದದ್ದು ಮಾರನೇ ದಿನ. ಸಿಗಡಿಗಳು ಬೀಳುವ ಹಿಂದಿನ ಸಂಜೆ ನೀರು ಬದಲಿಸುವಾಗ ನಾನು ಎತ್ತಿಕೊಂಡಿದ್ದು ಕೊಟ್ಟಿಗೆ ಬದಿಯಲ್ಲಿದ್ದ ನೀಲಿ ಬಾಲ್ದಿಯನ್ನು. ಅಡಿಕೆಗೆ ಮದ್ದು ಬಿಡಲು ಮೈಲುತುತ್ತು ಕಲಸಿದ ಬಾಲ್ದಿ ಅದು.

ಕಾಸರಗೋಡಿನ ತೋಟದ ಮನೆಗಳಲ್ಲಿ ಮಳೆಗಾಲ ಅಂದರೆ ಕೊಳೆರೋಗ, ಕೊಳೆರೋಗ ಅಂದರೆ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ ಬಾಲ್ದಿಯ ತಳದಲ್ಲಿ 10 ಎಂಎಲ್ ದ್ರಾವಣ ಉಳಿದಿದ್ದರೂ ಅದರಲ್ಲಿ 25 ಮಿಲಿಗ್ರಾಂ ತಾಮ್ರ ಇರುತ್ತದೆ. ಅಷ್ಟೂ 200 ಲೀಟರ್ ನೀರಿನಲ್ಲಿ ಕರಗಿತು ಅಂತಿಟ್ಟುಕೊಂಡರೆ ಲೀಟರಿಗೆ 0.125 ಮಿಲಿಗ್ರಾಂ ಆಯಿತು. ಮೀನು ಇದನ್ನು ತಡೆದುಕೊಳ್ಳುತ್ತದೆ. ಬೆನ್ನೆಲುಬಿಲ್ಲದ ಸಿಗಡಿ, ಹುಳು, ಹವಳಕ್ಕೆ ಇದು ಸಾವು.

ಆ ಬೆಳಗ್ಗೆ ನಾನು ಮದ್ದಿನ ಬಾಟ್ಲಿಗೆ ಕೈ ಹಾಕುವ ಬದಲು ಅರ್ಧ ಟ್ಯಾಂಕ್ ನೀರು ಬದಲಿಸಿ, ವಿಷ ಹೀರುವ ಕಾರ್ಬನ್ (ಇದ್ದಿಲಿನ ಹರಳು) ಹಾಕಿದ್ದರೆ ಆ ಒಂದು ಸಿಗಡಿಯಾದರೂ ಉಳಿಯುತ್ತಿತ್ತೋ ಏನೋ. ಆಮೇಲೆ ಎಷ್ಟೋ ಎಡವಟ್ಟುಗಳನ್ನು ಕಂಡಿದ್ದೇನೆ. ಎಲ್ಲದರಲ್ಲೂ ಅದೇ ಕ್ರಮ ಕೈಹಿಡಿದಿದೆ: ಮೊದಲು ಗಾಳಿ, ಆಮೇಲೆ ನೀರು, ಕೊನೆಗೆ ಮದ್ದು. ಕೆಳಗಿನ ಹಂತಗಳನ್ನೂ ಅದೇ ಕ್ರಮದಲ್ಲಿ ಬರೆದಿದ್ದೇನೆ.

ನನ್ನ ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೆಳಗಿನ ಸಂಪ್ (ಪಂಪ್, ಫಿಲ್ಟರ್ ಇರುವ ಸಣ್ಣ ತೊಟ್ಟಿ) ಸೇರಿಸಿ, ಕಲ್ಲು ಮರಳು ಕಳೆದು ನೀರು ಸುಮಾರು 200 ಲೀಟರ್. ಮನೆ ಕಾಸರಗೋಡಿನ ನೀರ್ಚಾಲು ಅನ್ನುವ ಊರಿನ ಬದಿಯಲ್ಲಿ. ನಿಮ್ಮ ಟ್ಯಾಂಕ್ ದೊಡ್ಡದೋ ಚಿಕ್ಕದೋ ಇದ್ದರೆ ಲೆಕ್ಕವನ್ನು ಹಾಗೆಯೇ ಹೊಂದಿಸಿಕೊಳ್ಳಿ.

ಹಂತ 1: ಎಡವಟ್ಟಾಗುವ ಮೊದಲೇ ಒಂದು ಬುಟ್ಟಿ ತುಂಬಿಸಿಡಿ

ನಮಗೆ ಬೇಕಾದ ಸಾಮಾನು ಹತ್ತಿರದ ಪೇಟೆಯಲ್ಲಿ ಸಿಗುವುದಿಲ್ಲ. ಮಂಗಳೂರಿಗೆ ಹೋಗಿ ಬರಲು ಅರ್ಧ ದಿನ ಬೇಕು. ಕೊರಿಯರ್ ಬರಲು ನಾಲ್ಕೈದು ದಿನ. ಟ್ಯಾಂಕ್ ಅಷ್ಟು ಕಾಯುವುದಿಲ್ಲ. ಹಾಗಾಗಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ.

ಬುಟ್ಟಿಯಲ್ಲಿ ಇರಬೇಕಾದದ್ದು: ಯುಎಸ್‌ಬಿಯಲ್ಲಿ ಓಡುವ ಎರಡು ಏರ್ ಪಂಪ್, ಚಾರ್ಜ್ ಆಗಿರುವ ಒಂದು ಪವರ್ ಬ್ಯಾಂಕ್, ಏರ್ ಸ್ಟೋನ್. ಅಮೋನಿಯಾ (ಮೀನಿನ ಕಸ, ಕೊಳೆತ ತಿಂಡಿಯಿಂದ ಹುಟ್ಟುವ ವಿಷ) ಟೆಸ್ಟ್ ಕಿಟ್, ಅದರ ಅವಧಿ ಮುಗಿದಿರಬಾರದು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್, ಅದನ್ನು ಸರಿಹೊಂದಿಸಲು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದ ಸಣ್ಣ ಬಾಟ್ಲಿ. ಅರ್ಧ ಕಿಲೋ ಆಕ್ಟಿವೇಟೆಡ್ ಕಾರ್ಬನ್, ತಾಮ್ರ ಹೀರುವ ರೆಸಿನ್ ಒಂದು ಪೊಟ್ಟಣ. ಅಮೋನಿಯಾ ಕಟ್ಟಿಹಾಕುವ ಕಂಡೀಷನರ್. ಉದ್ದ ಕೈಗವಸು, ಕಣ್ಣಿಗೆ ಕನ್ನಡಕ. ಸಂಪಿನಿಂದ ನೀರನ್ನು ಟ್ಯಾಂಕಿಗೆ ಎತ್ತುವ ರಿಟರ್ನ್ ಪಂಪ್ ಒಂದು ಹೆಚ್ಚುವರಿ ಇಟ್ಟುಕೊಳ್ಳಲು ಆದರೆ ಇನ್ನೂ ಒಳ್ಳೆಯದು. ಪಂಪ್ ಕೆಡುವುದಕ್ಕೆ ಒಳ್ಳೆಯ ದಿನ ಅಂತ ಇಲ್ಲ.

ಬುಟ್ಟಿಯ ಹೊರಗೆ ಇನ್ನೊಂದು ಇದೆ: ಯಾವಾಗಲೂ ಕಲಸಿ ಸಿದ್ಧವಿರುವ 50 ಲೀಟರ್ ಉಪ್ಪುನೀರು. ಇದೊಂದಿದ್ದರೆ ಅರ್ಧ ಭಯ ಹೋಗುತ್ತದೆ. ಫುಡ್ ಗ್ರೇಡ್ ಡ್ರಮ್ ತೆಗೆದುಕೊಳ್ಳಿ. ಮೊದಲು ನೀರು ತುಂಬಿ, ಆಮೇಲೆ ಮೆರೈನ್ ಸಾಲ್ಟ್ ಹಾಕಿ. ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಬೇಕಾಗುತ್ತದೆ, ಆದರೆ ಪ್ಯಾಕೆಟಿನ ಮೇಲಿನ ಅಳತೆಯೇ ಪ್ರಮಾಣ. ಒಂದು ಪುಟ್ಟ ಪಂಪ್ ಇಟ್ಟು 24 ಗಂಟೆ ತಿರುಗಿಸಿ. ಮುಚ್ಚಿಡಿ. ಡ್ರಮ್ಮಿನ ಮೇಲೆ ತಾರೀಕು ಬರೆಯಿರಿ. ಅಡುಗೆ ಉಪ್ಪು ಖಂಡಿತ ಬೇಡ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಕಾದಷ್ಟು ಇರುವುದಿಲ್ಲ. ಬೇಡದ ಬೇರೆ ವಸ್ತುಗಳು ಸೇರಿರುತ್ತವೆ.

ಬಾಲ್ದಿಗಳ ಬಗ್ಗೆ ನನ್ನದು ಹಠ. ಟ್ಯಾಂಕಿನ ಬಾಲ್ದಿ ಬಿಳಿ, ಅದಕ್ಕೆ ಕೆಂಪು ಹಗ್ಗ ಕಟ್ಟಿದ್ದೇನೆ, ಮನೆಯೊಳಗೇ ಇರುತ್ತದೆ. ತೋಟದವರಿಗೂ ಮನೆಯವರಿಗೂ ಅದು ಗೊತ್ತು.

ಹಂತ 2: ಮೊದಲ ಹತ್ತು ನಿಮಿಷ

ಏನೋ ಸರಿ ಇಲ್ಲ ಅಂತ ಕಂಡ ಕೂಡಲೇ ಕೈ ತಡೆದುಕೊಳ್ಳಿ. ನೀರಿಗೆ ಏನನ್ನೂ ಸುರಿಯಬೇಡಿ. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್‌ಗಳನ್ನು ನೋಡಿ. ಎಲ್ಲಾದರೂ ಒದ್ದೆ ಇದ್ದರೆ ಮೇನ್ ಆಫ್ ಮಾಡಿ.

ಆಮೇಲೆ ನೀರಿನ ಮೇಲ್ಮೈ ನೋಡಿ. ಅಲೆ ಆಡುತ್ತಿದೆಯಾ? ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿವೆಯಾ? ಹಾಗಿದ್ದರೆ ಏರ್ ಪಂಪ್ ಹಾಕಿ. ಕಾರಣ ಗೊತ್ತಾಗುವ ತನಕ ಕಾಯಬೇಡಿ. ಗಾಳಿ ಹಾಕಿದ್ದರಿಂದ ಯಾವ ಟ್ಯಾಂಕೂ ಕೆಟ್ಟಿಲ್ಲ. ಮುಂದೆ ಶಾಖ ನೋಡಿ, ಉಪ್ಪು ಅಳೆಯಿರಿ, ಅಮೋನಿಯಾ ಅಳೆಯಿರಿ. ಈ ಮೂರೂ ಹತ್ತು ನಿಮಿಷದ ಕೆಲಸ. ಸರಿಯಾದ ಅಂಕೆ ಹೀಗಿರಬೇಕು: ಶಾಖ 24ರಿಂದ 27 ಡಿಗ್ರಿ, ಉಪ್ಪು ಸ್ಪೆಸಿಫಿಕ್ ಗ್ರಾವಿಟಿ (ಸಿಹಿನೀರನ್ನು 1 ಅಂತ ಇಟ್ಟರೆ ಉಪ್ಪುನೀರಿನ ಭಾರ) ಲೆಕ್ಕದಲ್ಲಿ 1.025ರಿಂದ 1.026, ಅಮೋನಿಯಾ ಸೊನ್ನೆ.

ಯಾರು ಸಾಯುತ್ತಿದ್ದಾರೆ ಅನ್ನುವುದೇ ದೊಡ್ಡ ಸುಳಿವು. ಸಿಗಡಿ, ಹುಳು ಬಿದ್ದು ಮೀನು ಚೆನ್ನಾಗಿದ್ದರೆ ತಾಮ್ರವನ್ನೋ ಬೇರೆ ವಿಷವನ್ನೋ, ಉಪ್ಪಿನ ದಿಢೀರ್ ಏರುಪೇರನ್ನೋ ಅನುಮಾನಿಸಿ. ದೊಡ್ಡ ಮೀನು ಮೊದಲು ಬಿದ್ದು ಚಿಕ್ಕವು ಉಳಿದಿದ್ದರೆ ಹೆಚ್ಚಾಗಿ ಆಮ್ಲಜನಕದ ಕೊರತೆ. ಎಲ್ಲವೂ ಒಟ್ಟಿಗೆ ಸುಸ್ತಾಗಿದ್ದರೆ ಶಾಖ ಅಥವಾ ಅಮೋನಿಯಾ. ಹೊಸ ಮೀನು ತಂದ ಒಂದೆರಡು ವಾರದಲ್ಲಿ ಮೀನುಗಳು ಮಾತ್ರ ಸಾಯುತ್ತಿದ್ದರೆ ಆಗ ರೋಗದ ಬಗ್ಗೆ ಯೋಚಿಸಿ.

ಹಂತ 3: ಕರೆಂಟ್ ಹೋದಾಗ

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿತ್ತು ಅಂದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವುದು ಕಷ್ಟ. ಆದ್ದರಿಂದ ಇದನ್ನು ಅಪರೂಪದ ಘಟನೆ ಅಂತ ಎಣಿಸದೆ ತಿಂಗಳ ಲೆಕ್ಕಕ್ಕೆ ಸೇರಿಸಿ.

ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ನೀರು ಬಿಸಿಯಾದಷ್ಟೂ ಇನ್ನೂ ಕಡಿಮೆ. ಪಂಪ್ ನಿಂತರೆ ಮೀನು, ಹವಳ, ಕಲ್ಲಿನ ಒಳಗಿನ ಬ್ಯಾಕ್ಟೀರಿಯಾ ಎಲ್ಲವೂ ಇರುವ ಆಮ್ಲಜನಕವನ್ನೇ ಬಳಸುತ್ತಾ ಹೋಗುತ್ತವೆ. ಮೀನು ತುಂಬಿದ ಟ್ಯಾಂಕಿಗೆ ಎರಡು ಮೂರು ಗಂಟೆಯಲ್ಲೇ ಕಷ್ಟ ಶುರುವಾಗಬಹುದು. ರಾತ್ರಿ ಇನ್ನೂ ಬೇಗ, ಯಾಕೆಂದರೆ ಕತ್ತಲೆಯಲ್ಲಿ ಪಾಚಿಯೂ ಆಮ್ಲಜನಕ ಎಳೆದುಕೊಳ್ಳುತ್ತದೆ.

ಮಾಡಬೇಕಾದದ್ದು ಹೀಗೆ. ಮೊದಲು ಯುಎಸ್‌ಬಿ ಏರ್ ಪಂಪನ್ನು ಪವರ್ ಬ್ಯಾಂಕಿಗೆ ಹಾಕಿ. ಒಂದು ವಾಟ್ ಎಳೆಯುವ ಪಂಪ್ ಆದರೆ 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಒಂದು ರಾತ್ರಿ, ಒಂದು ಹಗಲು ಓಡುತ್ತದೆ. ಇನ್‌ವರ್ಟರ್ ಇದ್ದರೆ ಅದಕ್ಕೆ ಪವರ್‌ಹೆಡ್ (ಟ್ಯಾಂಕಿನೊಳಗೆ ನೀರು ತಿರುಗಿಸುವ ಪುಟ್ಟ ಪಂಪ್) ಒಂದನ್ನೇ ಹಾಕಿ. ಲೈಟ್ ಬೇಡ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಬೇಡ, ನೀರು ತಂಪು ಮಾಡುವ ಚಿಲ್ಲರ್ ಬೇಡವೇ ಬೇಡ. 5ರಿಂದ 10 ವಾಟಿನ ಪವರ್‌ಹೆಡ್ ನೀರಿನ ಮೇಲ್ಮೈಯನ್ನು ಕಲಕುತ್ತಿದ್ದರೆ ಸಾಕು. ಏನೂ ಇಲ್ಲ ಅಂದರೆ ಒಂದು ಮಗ್ಗಿನಲ್ಲಿ ಟ್ಯಾಂಕಿನ ನೀರನ್ನೇ ಎತ್ತಿ ಒಂದಡಿ ಮೇಲಿಂದ ಸುರಿಯಿರಿ. ಐದು ನಿಮಿಷ ಸುರಿಯುವುದು, ಕಾಲು ಗಂಟೆ ಬಿಡುವುದು, ಮತ್ತೆ ಸುರಿಯುವುದು. ಮನೆಯವರು ಸರದಿ ಮೇಲೆ ಮಾಡಿದರೆ ಒಂದು ರಾತ್ರಿ ದಾಟಬಹುದು, ನಾವು ದಾಟಿದ್ದೇವೆ.

ಮೀನಿಗೆ ತಿಂಡಿ ಹಾಕಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಅವಕ್ಕೆ ಏನೂ ಆಗುವುದಿಲ್ಲ.

ಹೊರದೇಶದವರು ಬರೆದ ಸಲಹೆಗಳಲ್ಲಿ ಕರೆಂಟ್ ಹೋದರೆ ಟ್ಯಾಂಕಿಗೆ ಕಂಬಳಿ ಹೊದಿಸಿ ಅಂತ ಇರುತ್ತದೆ. ಅದು ಹಿಮ ಬೀಳುವ ಊರಿಗೆ. ನಮ್ಮಲ್ಲಿ ತಣ್ಣಗಾಗುವ ಭಯ ಇಲ್ಲ, ಉಸಿರು ಕಟ್ಟುವ ಭಯ. ಗಾಜಿನ ಮುಚ್ಚಳ ಇದ್ದರೆ ತೆಗೆದು ಬಲೆಯ ಮುಚ್ಚಳ ಹಾಕಿ. ಬಲೆ ಬೇಕೇ ಬೇಕು, ಗಾಬರಿಯಾದ ಮೀನು ಹಾರುತ್ತದೆ.

ಕರೆಂಟ್ ಬಂದ ಮೇಲಿನ ಅರ್ಧ ಗಂಟೆಯೂ ಅಷ್ಟೇ ಅಪಾಯದ್ದು. ಕ್ಯಾನಿಸ್ಟರ್ ಫಿಲ್ಟರ್ ಇದ್ದರೆ ಅದನ್ನು ಸುಮ್ನೆ ಆನ್ ಮಾಡಬೇಡಿ. ಗಂಟೆಗಟ್ಟಲೆ ಮುಚ್ಚಿದ ಡಬ್ಬದೊಳಗೆ ನಿಂತ ನೀರು ಕೊಳೆತಿರುತ್ತದೆ. ಬಿಚ್ಚಿ, ಆ ನೀರು ಚೆಲ್ಲಿ, ತೊಳೆದು ಆಮೇಲೆ ಹಾಕಿ. ರಿಟರ್ನ್ ಪಂಪ್ ನಿಜವಾಗಿ ನೀರು ಎತ್ತುತ್ತಿದೆಯಾ ನೋಡಿ. ಸದ್ದು ಮಾಡುತ್ತಾ ಗಾಳಿ ಕಟ್ಟಿಕೊಂಡು ನಿಂತಿರುವುದುಂಟು. ಸ್ಕಿಮ್ಮರನ್ನು ಕೊನೆಗೆ ಹಾಕಿ, ಅದು ಉಕ್ಕುತ್ತದೆ.

ಸಿಡಿಲಿನ ಮಾತು ಬೇರೆ. ಏಪ್ರಿಲ್, ಮೇ ತಿಂಗಳಿನ ಸಂಜೆಗಳಲ್ಲಿ, ಮತ್ತೆ ತುಲಾ ತಿಂಗಳಿನಲ್ಲಿ (ಅಕ್ಟೋಬರ್, ನವೆಂಬರ್) ಗುಡುಗು ಶುರುವಾದರೆ ಕರೆಂಟ್ ಇದ್ದರೂ ಎಲ್ಲ ಪ್ಲಗ್ ಎಳೆದು ಬ್ಯಾಟರಿ ಪಂಪಿಗೆ ಬದಲಿಸಿ. ಟ್ಯಾಂಕಿನಿಂದ ದೂರ ಇರಿ.

ಹಂತ 4: ನೆಲದ ಮೇಲೆ ನೀರು

ಕರೆಂಟ್ ಹೋದಾಗಲೇ ಇನ್ನೊಂದು ಎಡವಟ್ಟು ಆಗುತ್ತದೆ. ಪಂಪ್ ನಿಂತ ಕೂಡಲೇ ಅದೇ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಸಂಪ್ ತುಂಬುತ್ತದೆ, ಆಮೇಲೆ ಚಾವಡಿಗೆ. ನನ್ನ ಟ್ಯಾಂಕಿನಲ್ಲಿ ನೀರಿನ ಮಟ್ಟ 1 ಸೆಂಟಿಮೀಟರ್ ಇಳಿದರೆ 4 ಲೀಟರಿಗೂ ಜಾಸ್ತಿ ಕೆಳಗೆ ಬರುತ್ತದೆ. ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಿಂದ 8 ಸೆಂಟಿಮೀಟರ್ ಕೆಳಗಿದ್ದರೆ 33 ಲೀಟರ್. ಸಂಪಿನಲ್ಲಿ ಅಷ್ಟು ಜಾಗ ಇದೆಯಾ?

ಪರಿಹಾರ ಸುಲಭ. ರಿಟರ್ನ್ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ, ಒಂದು ಸಣ್ಣ ತೂತು ಕೊರೆಯಿರಿ. ಮಟ್ಟ ಅಲ್ಲಿಗೆ ಇಳಿದಾಗ ಗಾಳಿ ಒಳಗೆ ಹೋಗಿ ಹರಿವು ನಿಲ್ಲುತ್ತದೆ. ಆ ತೂತಿನಲ್ಲಿ ಪಾಚಿ, ಉಪ್ಪು ಕಟ್ಟುತ್ತದೆ, ವಾರಕ್ಕೊಮ್ಮೆ ಹಲ್ಲುಕಡ್ಡಿಯಿಂದ ಬಿಡಿಸಿ. ನೀರು ಹಿಂದಕ್ಕೆ ಬಾರದಂತೆ ತಡೆಯುವ ಚೆಕ್ ವಾಲ್ವ್ ಒಂದನ್ನೇ ನಂಬಬೇಡಿ. ಒಂದು ಪುಟ್ಟ ಹುಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಪೈಪ್ ಜೋಡಿಸಿದ ದಿನವೇ, ನೀವು ಎದುರಿಗೆ ನಿಂತು, ಪಂಪ್ ಆಫ್ ಮಾಡಿ ನೋಡಿ. ನೀರು ನಿಂತ ಜಾಗಕ್ಕೆ ಸಂಪಿನ ಗಾಜಿನ ಮೇಲೆ ಗೆರೆ ಎಳೆಯಿರಿ.

ಗಾಜಿನ ಮೂಲೆಯಿಂದಲೇ ಸೋರುತ್ತಿದ್ದರೆ ಹೊರಗಿನಿಂದ ಅಂಟು ಹಚ್ಚುತ್ತಾ ಕೂರಬೇಡಿ, ಅದು ನಿಲ್ಲುವುದಿಲ್ಲ. ಸೋರುವ ಜಾಗದ ಕೆಳಗೆ ಬರುವ ತನಕ ನೀರು ಇಳಿಸಿ, ಮೀನು ಮತ್ತು ಕಲ್ಲನ್ನು ಡ್ರಮ್ಮಿಗೆ ಹಾಕಿ ಗಾಳಿ ಕೊಡಿ. ಹಳೆಯ ಸಿಲಿಕೋನ್ ಪೂರ್ತಿ ಕೆರೆದು ಹೊಸದು ಹಾಕಬೇಕು. ಬಚ್ಚಲಿಗೆ ಹಾಕುವ, ಬೂಷ್ಟು ತಡೆಯುವ ಸಿಲಿಕೋನ್ ಬೇಡ, ಅದರಲ್ಲಿರುವ ಮದ್ದು ಮೀನಿಗೆ ವಿಷ.

ಹಂತ 5: ಸೆಕೆಗಾಲಕ್ಕೊಂದು ಲೆಕ್ಕ, ಮಳೆಗಾಲಕ್ಕೊಂದು

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹಾಗಾಗಿ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಇದು ಮೊದಲ ಪಾಠ, ಎಲ್ಲರಿಗೂ ಗೊತ್ತು. ಎಡವಟ್ಟು ಆಗುವುದು ಋತು ಬದಲಾಗುವಾಗ.

ಏಪ್ರಿಲ್‌ನಲ್ಲಿ ನಮ್ಮ ಚಾವಡಿಯಲ್ಲಿ ಮಧ್ಯಾಹ್ನ 33 ಡಿಗ್ರಿ ದಾಟುತ್ತದೆ. ನೀರು 30ಕ್ಕೆ ಹೋದರೆ ಹವಳ ಬಣ್ಣ ಬಿಡಲು ಶುರು. ಚಿಲ್ಲರ್ ಇಲ್ಲದವರು ನೀರಿನ ಮೇಲೆ ಓರೆಯಾಗಿ ಎರಡು ಸಣ್ಣ ಫ್ಯಾನ್ ಇಡುತ್ತಾರೆ. ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ನನ್ನ ಟ್ಯಾಂಕಿನಿಂದ ಆಗ ದಿನಕ್ಕೆ 4ರಿಂದ 5 ಲೀಟರ್ ನೀರು ಹೋಗುತ್ತದೆ. ಎರಡು ದಿನ ಮರೆತು ಮದುವೆಗೆ ಹೋದಿರೋ, ಉಪ್ಪು ಏರುತ್ತದೆ, ಪಂಪ್ ಒಣಗಿ ಓಡುತ್ತದೆ.

ಜೂನ್ ಬಂತು ಅನ್ನಿ. ಗಾಳಿಯಲ್ಲೇ ನೀರು ತುಂಬಿರುತ್ತದೆ, ಬಟ್ಟೆಯೇ ಒಣಗುವುದಿಲ್ಲ, ಟ್ಯಾಂಕಿನ ನೀರು ಹೇಗೆ ಆವಿಯಾಗಬೇಕು? ಆದರೆ ಕೈ ಮಾತ್ರ ಅಭ್ಯಾಸದಂತೆ ದಿನಕ್ಕೆ 4 ಲೀಟರ್ ಸುರಿಯುತ್ತದೆ. ದಿನಕ್ಕೆ 2 ಲೀಟರ್ ಜಾಸ್ತಿ ಆದರೂ ಐದು ದಿನಕ್ಕೆ 10 ಲೀಟರ್. 35 ಪಿಪಿಟಿ ಇದ್ದ ಉಪ್ಪು 33ರ ಆಸುಪಾಸಿಗೆ ಬರುತ್ತದೆ. ಆದ್ದರಿಂದ ಲೀಟರ್ ಎಣಿಸಿ ಸುರಿಯಬೇಡಿ. ಸಂಪಿನ ಪಂಪ್ ಇರುವ ಕೋಣೆಯ ಗಾಜಿಗೆ ಟೇಪ್ ಅಂಟಿಸಿ, ಆ ಗೆರೆ ತನಕ ಮಾತ್ರ ತುಂಬಿ.

ಉಪ್ಪು ಏರುಪೇರಾಗಿದೆ ಅಂತ ಕಂಡರೆ ನಿಧಾನವಾಗಿ ಸರಿಮಾಡಿ. ಕಡಿಮೆಯಾದ ಉಪ್ಪನ್ನು ಏರಿಸುವಾಗ ಸ್ಪೆಸಿಫಿಕ್ ಗ್ರಾವಿಟಿಯನ್ನು ದಿನಕ್ಕೆ 0.001ರಿಂದ 0.002ಕ್ಕಿಂತ ಜಾಸ್ತಿ ಏರಿಸಬೇಡಿ. ಸಿಹಿನೀರಿನ ಬದಲು ಸಿದ್ಧ ಉಪ್ಪುನೀರಿನಿಂದ ಟಾಪ್ ಅಪ್ ಮಾಡುತ್ತಾ ಹೋದರೆ ತಾನಾಗಿ ಏರುತ್ತದೆ. ಒಣ ಉಪ್ಪನ್ನು ನೇರವಾಗಿ ಟ್ಯಾಂಕಿಗೆ ಹಾಕಿದರೆ ಅದು ಬಿದ್ದ ಕಡೆ ಹವಳ ಸುಡುತ್ತದೆ. ಅಳೆಯುವ ಸಾಧನವನ್ನೂ ಅನುಮಾನಿಸಿ. ನನ್ನ ರಿಫ್ರಾಕ್ಟೋಮೀಟರ್ ಸಿಹಿನೀರಿಗೆ ಸೊನ್ನೆ ತೋರಿಸುತ್ತಿತ್ತು, ಆದರೆ 35ರ ದ್ರಾವಣಕ್ಕೆ 38 ತೋರಿಸಿತು. ತಿಂಗಳುಗಟ್ಟಲೆ ಅದನ್ನು ನಂಬಿ ಉಪ್ಪು ಕಡಿಮೆ ಇಟ್ಟಿದ್ದೆ.

ಬಿಸಿ ಏರಿದಾಗ ಐಸ್ ತುಂಡು ಹಾಕಬೇಡಿ. ಬಾಟ್ಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮುಚ್ಚಳ ಬಿಗಿಮಾಡಿ, ಸಂಪಿನಲ್ಲಿ ತೇಲಿಸಿ. ಗಂಟೆಗೆ ಒಂದು ಡಿಗ್ರಿ ಇಳಿದರೆ ಸಾಕು. ಹೀಟರ್ ನಮ್ಮ ಕರಾವಳಿಗೆ ಹೆಚ್ಚಿನ ತಿಂಗಳು ಬೇಕಾಗಿಲ್ಲ. ಅದು ಆನ್ ಆದಲ್ಲೇ ಸಿಕ್ಕಿಕೊಂಡರೆ ಟ್ಯಾಂಕನ್ನೇ ಬೇಯಿಸುತ್ತದೆ. ನಾನು ತೆಗೆದೇ ಇಟ್ಟಿದ್ದೇನೆ.

ಹಂತ 6: ನೀರು ಎಲ್ಲಿಂದ ತಂದಿರಿ?

ಕಾಸರಗೋಡಿನ ನಮಗೆ ಸುರಂಗದ ನೀರು ಅಂದರೆ ಹೆಮ್ಮೆ. ಕೆಂಪುಕಲ್ಲಿನ ಗುಡ್ಡವನ್ನು ಅಡ್ಡ ಕೊರೆದು ತೆಗೆದ ನೀರು, ಕುಡಿಯಲು ಅದರಷ್ಟು ರುಚಿ ಬೇರೆ ಇಲ್ಲ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ ನಮ್ಮ ಸುರಂಗದ್ದು 40ರ ಆಸುಪಾಸು ತೋರಿಸುತ್ತದೆ. ಇಷ್ಟು ಕಡಿಮೆ ಇರುವಾಗ ಆರ್‌ಓ ಯಾಕೆ ಅಂತ ನಾನೂ ಮೊದಲು ಬಿಟ್ಟಿದ್ದೆ. ಆದರೆ ಮೀಟರ್ ಎಷ್ಟು ಇದೆ ಅಂತ ಹೇಳುತ್ತದೆ, ಏನು ಇದೆ ಅಂತ ಹೇಳುವುದಿಲ್ಲ. ಕೆಂಪುಕಲ್ಲಿನ ನೆಲದಲ್ಲಿ ಕಬ್ಬಿಣ ಜಾಸ್ತಿ. ಅಲ್ಲಿನ ನೀರು ಮೆತ್ತಗೆ, ಸ್ವಲ್ಪ ಹುಳಿ ಗುಣದ್ದು. ದಿನಾ ನಾಲ್ಕು ಲೀಟರ್ ಸುರಿಯುವಾಗ ಅದರಲ್ಲಿರುವುದೆಲ್ಲ ಟ್ಯಾಂಕಿನಲ್ಲೇ ಕೂಡುತ್ತಾ ಹೋಗುತ್ತದೆ. ನನ್ನ ಕಲ್ಲುಗಳ ಮೇಲೆ ಕಂದು ಪಾಚಿ ನಿಲ್ಲದೆ ಬೆಳೆದದ್ದು, ಆರ್‌ಓ ಜೊತೆ ಡಿಐ (ಉಳಿದ ಲವಣವನ್ನೂ ಹೀರುವ ರೆಸಿನ್ ಫಿಲ್ಟರ್) ಜೋಡಿಸಿ ಸೊನ್ನೆ ಟಿಡಿಎಸ್ ಮಾಡಿದ ಮೇಲೆ ಒಂದೂವರೆ ತಿಂಗಳಲ್ಲಿ ಇಳಿಯಿತು. ಆರ್‌ಓದಿಂದ ಬಿಸಾಡುವ ನೀರು ತೋಟಕ್ಕೆ ಹೋಗಲಿ, ಹಾಳು ಮಾಡಬೇಡಿ. ಶುದ್ಧ ಮಾಡಿದ ನೀರನ್ನು ತಾಮ್ರದ ಹಂಡೆಯಲ್ಲಿ, ಹಿತ್ತಾಳೆ ಕೊಡದಲ್ಲಿ ಮಾತ್ರ ಇಡಬೇಡಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಮನೆಯವರನ್ನು ಕೇಳಿ ತಿಳಿದುಕೊಳ್ಳಿ. ಕೆಲವು ದಿನ ಆ ನೀರನ್ನು ಬಳಸಬೇಡಿ. ಕ್ಲೋರಿನ್ ಆರ್‌ಓ ಪೊರೆಯನ್ನೂ ಹಾಳು ಮಾಡುತ್ತದೆ.

ಕಡಲು ಹತ್ತಿರವೇ ಇದೆಯಲ್ಲ, ಅಲ್ಲಿಂದಲೇ ನೀರು ತರಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ತರಬಹುದು, ಆದರೆ ಜಾಗ ಮತ್ತು ತಿಂಗಳು ನೋಡಿ. ಕಾಸರಗೋಡಿನ ಕರಾವಳಿಯುದ್ದಕ್ಕೂ ಹೊಳೆಗಳು ಬಂದು ಸೇರುತ್ತವೆ: ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ. ಮಳೆಗಾಲದಲ್ಲಿ ದಡದ ನೀರು ಅರ್ಧ ಸಿಹಿ, ಪೂರ್ತಿ ಕೆಸರು. ತೋಟಗಳಿಗೆ ಬಿಟ್ಟ ಮದ್ದೂ ಅದೇ ತೋಡು, ಅದೇ ಹೊಳೆ ಹಿಡಿದು ಬರುತ್ತದೆ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ತನಕ ನಮ್ಮಲ್ಲಿ 52 ದಿನ ಟ್ರಾಲಿಂಗ್ ನಿಷೇಧ ಇರುತ್ತದಲ್ಲ, ಆ ದಿನಗಳಲ್ಲೂ ಮಳೆ ನಿಂತು ಒಂದೂವರೆ ತಿಂಗಳ ತನಕವೂ ನಾನು ಕಡಲ ನೀರು ಮುಟ್ಟುವುದಿಲ್ಲ. ಬೇಸಗೆಯಲ್ಲಿ, ದೋಣಿಯವರ ಹತ್ತಿರ ಹೇಳಿ ಅಳಿವೆಯಿಂದ ದೂರ, ದಡದಿಂದ ಒಳಗೆ ತುಂಬಿಸಿ ತರಿಸುತ್ತೇನೆ. ಡೀಸೆಲ್ ಕ್ಯಾನಿನಲ್ಲಿ ತರಬಾರದು ಅಂತ ಕ್ಯಾನ್ ನಾನೇ ಕೊಡುತ್ತೇನೆ. ತಂದದ್ದನ್ನು ಮುಚ್ಚಿ ಕತ್ತಲಲ್ಲಿ ಎರಡು ವಾರ ಇಟ್ಟು, ತಿಳಿ ಸೋಸಿ, ಉಪ್ಪು ಅಳೆದು ಆಮೇಲೆ ಬಳಸುವುದು. ನೀರು ಹಸಿರೋ ಕೆಂಪೋ ಆಗಿದ್ದರೆ, ರಾತ್ರಿ ಅಲೆ ನೀಲಿಯಾಗಿ ಮಿನುಗುತ್ತಿದ್ದರೆ ಆ ನೀರು ಬೇಡ. ನೋಡಲು ಚೆಂದ, ಟ್ಯಾಂಕಿಗೆ ಅಲ್ಲ.

ನೀರಿನ ಜೊತೆ ಹವಳದ ತುಂಡು, ಕಡಲಕುದುರೆ, ಕಡಲಸೌತೆ ತರುವ ಆಸೆ ಬೇಡ. ಇವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಕಾನೂನು ಇಲ್ಲದಿದ್ದರೂ ತರಬಾರದು ಅನ್ನುವುದು ನನ್ನ ಮಾತು. ಒಣ ಕಲ್ಲಿನಿಂದ ಟ್ಯಾಂಕ್ ಕಟ್ಟಿ, ಕಾಯಿರಿ. ಮೀನು ಕೂಡ ಸಾಕಿ ಮರಿ ಮಾಡಿಸಿದ್ದನ್ನೇ ಕೇಳಿ ತನ್ನಿ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿ ಬಹಳ ವರ್ಷಗಳಾದವು. ತೊಟ್ಟಿಯಲ್ಲಿ ಹುಟ್ಟಿದ ಮೀನು ನಮ್ಮ ತಿಂಡಿಗೆ ಒಗ್ಗಿರುತ್ತದೆ, ರೋಗವೂ ಕಡಿಮೆ.

ಹಂತ 7: ತಾಮ್ರ ಮತ್ತು ಮನೆಯೊಳಗಿನ ಬೇರೆ ವಿಷಗಳು

ಟ್ಯಾಂಕಿಗೆ ತಾಮ್ರ ಸೇರಿದೆ ಅಂತ ಅನುಮಾನ ಬಂದರೆ ಕೂಡಲೇ, ಸಿದ್ಧ ಉಪ್ಪುನೀರು ಇರುವಷ್ಟು, ಅರ್ಧದ ತನಕ ನೀರು ಬದಲಿಸಿ. ಶಾಖ, ಉಪ್ಪು ಎರಡೂ ಹೊಂದಬೇಕು. ಹೊಸ ಕಾರ್ಬನ್ ಮತ್ತು ತಾಮ್ರ ಹೀರುವ ರೆಸಿನ್ ಎರಡನ್ನೂ ನೀರು ಹರಿಯುವ ಜಾಗದಲ್ಲಿಡಿ. ಬದುಕಿರುವ ಹುಳು, ಸಿಗಡಿಯನ್ನು ಎತ್ತಿ, ಸ್ವಲ್ಪ ಸಿದ್ಧ ಉಪ್ಪುನೀರು ಉಳಿಸಿಕೊಂಡ ಡ್ರಮ್ಮಿಗೆ ಹಾಕಿ ಗಾಳಿ ಕೊಡಿ. ಮಾರನೇ ದಿನ ಮತ್ತೆ ಕಾಲು ಭಾಗ ಬದಲಿಸಿ. ಕಲ್ಲು, ಮರಳು ತಾಮ್ರವನ್ನು ಹೀರಿಟ್ಟುಕೊಂಡು ಆಮೇಲೆ ಮೆಲ್ಲಗೆ ಬಿಡುತ್ತವೆ. ಆದ್ದರಿಂದ ಟೆಸ್ಟ್ ಕಿಟ್ ಸೊನ್ನೆ ತೋರಿಸಿದ ಮೇಲೂ ಒಂದು ತಿಂಗಳು ಹೊಸ ಸಿಗಡಿ ತರಬೇಡಿ. ಮೊದಲು ಒಂದು ಬಸವನಹುಳು ಬಿಟ್ಟು ನೋಡಿ. ಅದು ಗಾಜು ಹತ್ತಿ ಓಡಾಡಿದರೆ ಸರಿ.

ತೋಟದಲ್ಲಿ ಮದ್ದು ಬಿಡುವ ದಿನ ಟ್ಯಾಂಕಿನ ಬದಿಯ ಕಿಟಕಿ ಮುಚ್ಚಿ. ಮದ್ದು ಕಲಸಿದ ಕೈ ಆ ದಿನ ನೀರಿಗೆ ಬೇಡ, ಎಷ್ಟು ತೊಳೆದರೂ ಬೇಡ.

ತೆಂಗಿನೆಣ್ಣೆ ಹಚ್ಚಿದ ಕೈಯೂ ಹಾಗೆಯೇ. ಎಣ್ಣೆ ನೀರಿನ ಮೇಲೆ ಪೊರೆ ಕಟ್ಟಿ ಗಾಳಿ ಒಳಹೋಗದಂತೆ ಮಾಡುತ್ತದೆ, ಸ್ಕಿಮ್ಮರ್ ನೊರೆ ನಿಲ್ಲಿಸುತ್ತದೆ. ಸೊಳ್ಳೆಗೆ ಹೊಡೆಯುವ ಸ್ಪ್ರೇಗಳಲ್ಲಿ ಇರುವುದು ಕೀಟ ಕೊಲ್ಲುವ ಮದ್ದು. ಸಿಗಡಿಗೂ ಮೀನಿಗೂ ಅದು ಬಹಳ ಅಪಾಯ. ಏರ್ ಪಂಪ್ ಚಾವಡಿಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಅನ್ನುವುದು ನೆನಪಿರಲಿ. ಮನೆಗೆ ಪೇಂಟ್ ಹೊಡೆಸುವಾಗ, ಫಿನಾಯಿಲ್ ಒರೆಸುವಾಗ ಪಂಪನ್ನು ಹೊರಗಿನ ಗಾಳಿ ಎಳೆಯುವ ಜಾಗದಲ್ಲಿಡಿ.

ಹವಳ ಬೆಳೆಯಲೆಂದು ಹಾಕುವ ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ (ಕ್ಷಾರ) ದ್ರಾವಣಗಳನ್ನು ಒಟ್ಟಿಗೆ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಎರಡೂ ಸೇರಿ ಸುಣ್ಣದ ಪುಡಿಯಾಗಿ ಕೂರುವುದು ಅದು. ಮತ್ತೇನೂ ಹಾಕದೆ ಬಿಡಿ, ತಿಳಿಯಾಗುತ್ತದೆ. ಮಾರನೇ ದಿನ ಅಳೆದು ನೋಡಿ. ತಾಂಬೂಲದ ಸುಣ್ಣವೂ ಅದೇ ತಾನೇ ಅಂತ ಹಾಕುವವರಿದ್ದಾರೆ. ಅದರ ಶುದ್ಧತೆ ಗೊತ್ತಿಲ್ಲ, ಪಿಎಚ್ ಒಮ್ಮೆಲೇ ಏರುತ್ತದೆ. ಬೇಡ.

ಹಂತ 8: ಅಮೋನಿಯಾ ಏರಿದಾಗ

ಹೊಸ ಟ್ಯಾಂಕಿನಲ್ಲಿ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು 4ರಿಂದ 6 ವಾರ ಬೇಕು. ಆ ತನಕ ಮೀನು ಬೇಡ. ಹಳೆಯ ಟ್ಯಾಂಕಿನಲ್ಲಿ ಅಮೋನಿಯಾ ಕಂಡರೆ ಎಲ್ಲೋ ಏನೋ ಸತ್ತಿದೆ, ಇಲ್ಲವೇ ಮನೆಗೆ ಬಂದ ಮಕ್ಕಳು ಪ್ರೀತಿಯಿಂದ ಡಬ್ಬಿ ತಿಂಡಿ ಸುರಿದಿದ್ದಾರೆ. ನಮ್ಮ ಮನೆಯಲ್ಲಿ ಎರಡೂ ಆಗಿದೆ. ಈಗ ತಿಂಡಿಯನ್ನು ವಾರದ ಏಳು ಪುಟ್ಟ ಡಬ್ಬಿಗಳಲ್ಲಿ ಇಡುತ್ತೇನೆ, ದೊಡ್ಡ ಡಬ್ಬಿ ಕಪಾಟಿನೊಳಗೆ.

ಉಪ್ಪುನೀರಿನಲ್ಲಿ ಅಮೋನಿಯಾ ಸಿಹಿನೀರಿಗಿಂತ ಕೆಟ್ಟದ್ದು. ಪಿಎಚ್ ಒಂದು ಅಂಕೆ ಏರಿದರೆ ಅಮೋನಿಯಾದ ವಿಷದ ಭಾಗ ಹತ್ತಿರ ಹತ್ತಿರ ಹತ್ತು ಪಟ್ಟು ಆಗುತ್ತದೆ. ನಮ್ಮ ಟ್ಯಾಂಕಿನ ಪಿಎಚ್ ಸದಾ 8ರ ಮೇಲೆ. ಹಾಗಾಗಿ ಟೆಸ್ಟ್ ಕಿಟ್ ತಿಳಿಹಸಿರು ತೋರಿಸಿದರೂ ಕಡೆಗಣಿಸಬೇಡಿ.

ಗಾಳಿ ಜಾಸ್ತಿ ಮಾಡಿ. ಸತ್ತದ್ದನ್ನು ಹುಡುಕಿ ತೆಗೆಯಿರಿ. ಪವರ್‌ಹೆಡ್ ಹಿಂದೆ, ಓವರ್‌ಫ್ಲೋ ಪೆಟ್ಟಿಗೆಯೊಳಗೆ, ಕಲ್ಲಿನ ಅಡಿಯಲ್ಲಿ ನೋಡಿ. ಅನಿಮೋನ್ (ಹೂವಿನಂತೆ ಕಾಣುವ ಮೆತ್ತನೆಯ ಕಡಲಜೀವಿ) ಸಾಕುವವರು ಪವರ್‌ಹೆಡ್‌ಗೆ ಸ್ಪಂಜಿನ ಕವಚ ಹಾಕಲೇಬೇಕು. ಒಂದು ಅನಿಮೋನ್ ಅದರೊಳಗೆ ಸಿಕ್ಕಿ ಚೂರಾದರೆ ರಾತ್ರಿ ಬೆಳಗಾಗುವುದರೊಳಗೆ ಪೂರ್ತಿ ಟ್ಯಾಂಕ್ ಕೊಳೆಯುತ್ತದೆ. ಮೂರನೇ ಒಂದು ಭಾಗದಿಂದ ಅರ್ಧದ ತನಕ ನೀರು ಬದಲಿಸಿ. ಕಂಡೀಷನರ್ ಹಾಕಿ. ತಿಂಡಿ ನಿಲ್ಲಿಸಿ. ಫಿಲ್ಟರ್ ಸ್ಪಂಜನ್ನು ಇದೇ ಹೊತ್ತಿಗೆ ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಇರುವ ಬ್ಯಾಕ್ಟೀರಿಯಾವೂ ಹೋಗುತ್ತದೆ.

ಹಂತ 9: ಬಿಳಿಚುಕ್ಕೆ, ಈಗ ಮದ್ದಿನ ಸರದಿ

ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ, ಕಲ್ಲಿಗೆ ಮೈ ಉಜ್ಜುವುದು, ಉಸಿರು ಜೋರು. ಇದು ಕ್ರಿಪ್ಟೊಕಾರಿಯಾನ್ ಅನ್ನುವ ಪರಾವಲಂಬಿಯ ಕೆಲಸ. ಕೆಲವು ದಿನದಲ್ಲಿ ಚುಕ್ಕೆ ತಾನಾಗಿ ಮಾಯವಾಗುತ್ತದೆ. ವಾಸಿಯಾಯಿತು ಅಂದುಕೊಳ್ಳಬೇಡಿ. ಅದು ಮೀನಿನಿಂದ ಉದುರಿ ಮರಳಿನಲ್ಲಿ ಗೂಡು ಕಟ್ಟಿದೆ, ಮತ್ತೆ ನೂರಾರಾಗಿ ಬರುತ್ತದೆ.

ಎಲ್ಲ ಮೀನುಗಳನ್ನು ಬೇರೆ ಬರಿ ತೊಟ್ಟಿಗೆ ಹಾಕಿ, ಅಲ್ಲಿ ಮಾತ್ರ ಮದ್ದು ಕೊಡಿ. ತಾಮ್ರದ ಮದ್ದಾದರೆ ಬಾಟ್ಲಿಯ ಅಳತೆಯಂತೆ, ದಿನಾ ತಾಮ್ರದ ಟೆಸ್ಟ್ ಮಾಡಿ. ತಾಮ್ರ ಬೇಡ ಅನ್ನುವವರು ಅದೇ ತೊಟ್ಟಿಯಲ್ಲಿ ಉಪ್ಪನ್ನು ಎರಡು ದಿನದಲ್ಲಿ ನಿಧಾನಕ್ಕೆ ಸ್ಪೆಸಿಫಿಕ್ ಗ್ರಾವಿಟಿ 1.009ಕ್ಕೆ ಇಳಿಸಿ ಒಂದು ತಿಂಗಳು ಇಡಬಹುದು. ದೊಡ್ಡ ಟ್ಯಾಂಕನ್ನು ಮೀನಿಲ್ಲದೆ 76 ದಿನ ಖಾಲಿ ಬಿಡಬೇಕು. ಕಷ್ಟ ಅನ್ನಿಸುತ್ತದೆ, ಆದರೆ ಅಡ್ಡದಾರಿ ಇಲ್ಲ. ಹೊಸ ಮೀನನ್ನು ಮೊದಲೇ ಒಂದು ತಿಂಗಳು ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿದರೆ ಈ 76 ದಿನ ಉಳಿಯುತ್ತದೆ.

ನಿಮ್ಮ ಕೈ, ನಿಮ್ಮ ಮನೆಯವರು

ಝೋಆಂಥಿಡ್, ಪಾಲಿಥೋವ ಅನ್ನುವ ಬಟನ್ ಹವಳಗಳು ಎಲ್ಲರೂ ಮೊದಲು ತರುವಂಥವು. ಕೆಲವದರಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಅವು ಬೆಳೆದ ಕಲ್ಲನ್ನು ಶುದ್ಧ ಮಾಡಲೆಂದು ಬಿಸಿನೀರಿನಲ್ಲಿ ಕುದಿಸಿ, ಆವಿ ಕುಡಿದು ಪೂರ್ತಿ ಮನೆಯವರು ಆಸ್ಪತ್ರೆ ಸೇರಿದ ಘಟನೆಗಳು ಹೊರದೇಶಗಳಲ್ಲಿ ನಡೆದಿವೆ. ಕಲ್ಲನ್ನು ಯಾವತ್ತೂ ಕುದಿಸಬೇಡಿ. ಬಿಸಿನೀರಿನಲ್ಲಿ ಉಜ್ಜಬೇಡಿ, ಒಣಗಿಸಿ ಕೆರೆಯಬೇಡಿ. ಕೈಗವಸು, ಕನ್ನಡಕ ಹಾಕಿಕೊಂಡೇ ಮುಟ್ಟಿ. ಬಾಯಲ್ಲಿ ಕಹಿ ಅಥವಾ ಲೋಹದ ರುಚಿ, ಚಳಿಜ್ವರ, ಕೆಮ್ಮು, ಮೈಕೈ ನೋವು, ಉಸಿರಾಟಕ್ಕೆ ಕಷ್ಟ ಶುರುವಾದರೆ ಎಲ್ಲರೂ ಮನೆಯಿಂದ ಹೊರಬನ್ನಿ, ಆಸ್ಪತ್ರೆಗೆ ಹೋಗಿ. ಡಾಕ್ಟರಿಗೆ ಪಾಲಿಟಾಕ್ಸಿನ್ ಅನ್ನುವ ಹೆಸರನ್ನು ಬರೆದುಕೊಡಿ. ಇದಕ್ಕೆ ಪ್ರತಿಮದ್ದು ಇಲ್ಲ, ಬೇಗ ಹೋಗುವುದೇ ಮುಖ್ಯ.

ಕೈಯಲ್ಲಿ ಗಾಯ ಇದ್ದರೆ ಟ್ಯಾಂಕಿಗೆ ಕೈ ಹಾಕಬೇಡಿ. ಮೀನಿನ ನೀರಿನ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ವಾರಗಟ್ಟಲೆ ವಾಸಿಯಾಗದ ಗಂಟು ಏಳುತ್ತದೆ. ಅಂಥದ್ದು ಕಂಡರೆ ಟ್ಯಾಂಕ್ ಇದೆ ಅಂತ ಡಾಕ್ಟರಿಗೆ ಹೇಳಿ.

ಕರೆಂಟಿಗೆ ಉಪ್ಪುನೀರು ಒಳ್ಳೆಯ ದಾರಿ. ಟ್ಯಾಂಕಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಮಳೆಗಾಲ ಶುರುವಾಗುವ ಮೊದಲು ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಪ್ರತಿ ವಯರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲೆ ಹೋಗಬೇಕು. ಆಗ ವಯರು ಹಿಡಿದು ಹರಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ವಯರಿನ ಮೇಲೆ ಕಟ್ಟುವ ಬಿಳಿ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ಪ್ಲಗ್ ಎಳೆದೇ ಒರೆಸಿ.

ತೆಗೆದ ನೀರನ್ನು ಎಲ್ಲಿ ಚೆಲ್ಲುವುದು?

ಅಡಿಕೆ ಬುಡಕ್ಕೆ, ಕರಿಮೆಣಸಿನ ಬಳ್ಳಿಗೆ, ವೀಳ್ಯದೆಲೆಗೆ ಬೇಡ, ಉಪ್ಪಿಗೆ ಅವು ಸೊರಗುತ್ತವೆ. ತೋಡಿಗೂ ಹೊಳೆಗೂ ಬೇಡ. ಎಲ್ಲಿಂದಲೋ ಬಂದ ಹವಳದ ಜೊತೆ ಬಂದ ಜೀವಿ ನಮ್ಮ ನೀರಿಗೆ ಸೇರಬಾರದು. ಸಾಕಲಾರದ ಮೀನನ್ನೂ ಕಡಲಿಗೆ ಬಿಡಬಾರದು. ತೆಂಗು ಮಾತ್ರ ಉಪ್ಪು ತಡೆಯುವ ಮರ. ಕೆಂಪುಕಲ್ಲಿನ ನೆಲದಲ್ಲಿ ತೆಂಗಿನ ಗುಂಡಿಯ ತಳಕ್ಕೆ ನೆಡುವ ಆರು ತಿಂಗಳ ಮೊದಲೇ 2 ಕಿಲೋ ಉಪ್ಪು ಹಾಕಿ ನೆಲ ಮೆತ್ತಗೆ ಮಾಡುವುದು ನಮ್ಮಲ್ಲಿ ಇರುವ ಪದ್ಧತಿ. ನಾನು ವಾರದ 20 ಲೀಟರನ್ನು ಬಾವಿಯಿಂದ ದೂರದ ದೊಡ್ಡ ತೆಂಗುಗಳಿಗೆ, ಪ್ರತಿ ವಾರ ಬೇರೆ ಬೇರೆ ಬುಡಕ್ಕೆ ಹಂಚಿ ಹಾಕುತ್ತೇನೆ. ತಾಮ್ರದ ಮದ್ದು ಹಾಕಿದ ನೀರನ್ನು ಮಾತ್ರ ಅಲ್ಲಿಗೂ ಹಾಕುವುದಿಲ್ಲ. ಅದನ್ನು ಅಗಲದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮಾಡಿನ ಕೆಳಗೆ ಒಣಗಲು ಬಿಟ್ಟು, ತಳದಲ್ಲಿ ಉಳಿದ ಉಪ್ಪನ್ನು ಕಟ್ಟಿ ಬೇರೆ ಇಡುತ್ತೇನೆ. ಅದರ ಬಾಲ್ದಿಗೆ ಕಟ್ಟಿದ ಹಗ್ಗ ಕಪ್ಪು.